ಫೈನಲ್ ಫ್ಯಾಂಟಸಿ 14: ಫ್ರೀ ಟ್ರಯಲ್‌ನಲ್ಲೇ ಮೂರು ವರ್ಷ

ಮೂರು ವರ್ಷಕ್ಕೂ ಹೆಚ್ಚು ಕಾಲದಿಂದ ಫೈನಲ್ ಫ್ಯಾಂಟಸಿ 14 ಎಂಬ ಆನ್‌ಲೈನ್ ಆಟವನ್ನು ಅದರ ಫ್ರೀ ಟ್ರಯಲ್‌ನಲ್ಲಿ, ಅಂದರೆ ಕೊಳ್ಳುವ ಮೊದಲು ಪುಕ್ಕಟೆ ಆಡಿ ನೋಡಲು ಕೊಡುವ ರೂಪದಲ್ಲಿ, ಆಡುತ್ತಿದ್ದೇನೆ, ಇದುವರೆಗೆ ಒಂದು ರೂಪಾಯಿಯನ್ನೂ ಕೊಟ್ಟಿಲ್ಲ. ಇದಕ್ಕೂ ಮೊದಲು ಬೇರೊಂದು ಆನ್‌ಲೈನ್ ಆಟದ ಹದಿನಾಲ್ಕು ದಿನಗಳ ಟ್ರಯಲ್ ನೋಡಿದ್ದೆ. ದಿನಗಳು ಕರಗುತ್ತಿವೆಯೆಂಬ ಅವಸರದಲ್ಲಿ ಪಾತ್ರಗಳ ಮಾತನ್ನು ಓದದೆ ಒತ್ತುತ್ತ ಹೋದೆ. ಅವಧಿ ಮುಗಿದಾಗ ಅಲ್ಲಿನ ಒಂದು ಊರಿನ ಹೆಸರೂ ನೆನಪಿನಲ್ಲಿರಲಿಲ್ಲ.

ಫೈನಲ್ ಫ್ಯಾಂಟಸಿಯ ಟ್ರಯಲ್‌ಗೂ ಹಿಂದೆ ಹದಿನಾಲ್ಕು ದಿನಗಳ ಗಡುವಿತ್ತು. 2017ರಲ್ಲಿ ಅದನ್ನು ತೆಗೆದರು, ಆದರೆ ಲೆವೆಲ್‌ನ ಮಿತಿಯನ್ನು, ಅಂದರೆ ಪಾತ್ರ ಎಷ್ಟನೇ ಹಂತದವರೆಗೆ ಬೆಳೆಯಬಹುದೆಂಬ ಮಿತಿಯನ್ನು, ಉಳಿಸಿದರು. ನಾನು ಸೇರಿದಾಗ ಆ ಮಿತಿ 60 ಆಗಿತ್ತು, 2023ರ ಅಕ್ಟೋಬರ್‌ನಲ್ಲಿ 70 ಆಯಿತು. ಗಡಿಯಾರ ನೋಡದೆ ಆಡಬಹುದೆಂದು ತಿಳಿದ ಮೇಲೆ ನನ್ನ ಆಟದ ರೀತಿಯೇ ಬದಲಾಯಿತು. ರಾತ್ರಿ ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು, ಆಟದೊಳಗಿನ ಲಿಮ್ಸಾ ಲೊಮಿನ್ಸಾ ಎಂಬ ಬಂದರಿನ ಕಟ್ಟೆಯ ಮೇಲೆ ಅರ್ಧ ಗಂಟೆ ಗಾಳ ಹಾಕಿಕೊಂಡು ನಿಲ್ಲುತ್ತೇನೆ. ಮೀನು ಕಚ್ಚಿದಾಗ ನನ್ನ ಪಾತ್ರದ ತಲೆಯ ಮೇಲೆ ಆಶ್ಚರ್ಯಸೂಚಕ ಚಿಹ್ನೆ ಮೂಡುತ್ತದೆ: ಮೀನು ಹಗುರವಾಗಿ ಎಳೆದರೆ ಒಂದು, ಜೋರಾಗಿ ಎಳೆದರೆ ಎರಡು, ದೊಡ್ಡ ಮೀನಾದರೆ ಮೂರು. ಮೂರು ಚಿಹ್ನೆ ಕಂಡ ರಾತ್ರಿ ಮಲಗುವುದು ತಡವಾಗುತ್ತದೆ.

ನಿರ್ಬಂಧಗಳಿಗೇನೂ ಕಡಿಮೆಯಿಲ್ಲ. ಕೈಯಲ್ಲಿ ಆಟದ ಹಣವಾದ ಗಿಲ್ ಮೂರು ಲಕ್ಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಆಟಗಾರರು ಪರಸ್ಪರ ಸರಕು ಮಾರುವ ಮಾರ್ಕೆಟ್ ಬೋರ್ಡ್‌ಗೂ ಅವರು ಕಟ್ಟಿಕೊಂಡ ಸಂಘಗಳಿಗೂ ಟ್ರಯಲ್‌ನವರಿಗೆ ಪ್ರವೇಶವಿಲ್ಲ. ನಾನು ಸೇರಿದ ಕಾಲದಲ್ಲಿ ಖಾಸಗಿ ಸಂದೇಶ ಕಳಿಸುವ ಅವಕಾಶವೂ ಇರಲಿಲ್ಲ. ಯಾರಾದರೂ ಪ್ರೀತಿಯಿಂದ ವಿಚಾರಿಸಿದರೆ, ಪಕ್ಕದಲ್ಲೇ ಇದ್ದರೆ ಮಾತ್ರ ಉತ್ತರಿಸಬಹುದಿತ್ತು, ದೂರವಿದ್ದವರ ಪಾಲಿಗೆ ನಾನು ಮೂಗನೋ ಜಂಬದವನೋ ಆಗಬೇಕಿತ್ತು. ಪುಕ್ಕಟೆ ಖಾತೆಗಳನ್ನು ತೆರೆದು ಜಾಹೀರಾತು ಕೂಗುವವರ ಕಾಟಕ್ಕೆ ಇಂಥ ಬೇಲಿ ಬೇಕೆಂಬುದನ್ನು ಒಪ್ಪುತ್ತೇನೆ. ಆದರೂ ಹತ್ತಾರು ಜನರೊಡನೆ ಆಡುವ ಆಟವನ್ನು ಪರಿಚಯಿಸುವಾಗ ಮಾತನ್ನೇ ಬಿಗಿಹಿಡಿದರೆ, ಹೊಸಬನಿಗೆ ಊರು ಕಾಣುತ್ತದೆಯೇ ಹೊರತು ಊರಿನವರು ಕಾಣುವುದಿಲ್ಲ.

ಮಾರುಕಟ್ಟೆಯಿಲ್ಲದ ಕೊರತೆ ಮಾತ್ರ ನನಗೆ ಲಾಭವನ್ನೇ ತಂದಿತು. ಉಡುಪು ಬೇಕೆಂದರೆ ಮೋಕೋ ಹುಲ್ಲನ್ನು ನಾನೇ ಕೊಯ್ದು, ನೂಲು ತೆಗೆದು, ಬಟ್ಟೆ ಮಾಡಿ ಹೊಲಿಯಬೇಕು. ಒಂದೇ ಪಾತ್ರ ಎಲ್ಲ ಕಸುಬುಗಳನ್ನೂ ಕಲಿಯಬಹುದಾದ್ದರಿಂದ ಕೊಯ್ಯುವವನೂ ನೇಯುವವನೂ ತೊಡುವವನೂ ನಾನೇ. ದುಡ್ಡು ಕೊಟ್ಟು ಶುರು ಮಾಡಿದ್ದರೆ ಎರಡನೆಯ ದಿನವೇ ಸಿದ್ಧ ಅಂಗಿಯನ್ನು ಕೊಂಡು ತೊಟ್ಟುಕೊಳ್ಳುತ್ತಿದ್ದೆ, ಆ ಹುಲ್ಲಿನ ಹೆಸರು ಕಿವಿಗೂ ಬೀಳುತ್ತಿರಲಿಲ್ಲ.

ಹಾಗಾದರೆ ಈಗಲಾದರೂ ಖರೀದಿಸಬಾರದೇ ಎಂದು ಕೇಳಬಹುದು. ಒಮ್ಮೆ ಪೂರ್ಣ ಆಟಕ್ಕೆ ದಾಟಿದ ಖಾತೆ ಮತ್ತೆ ಟ್ರಯಲ್‌ಗೆ ಮರಳುವುದಿಲ್ಲ. ಸೇರಿದಾಗ ಸಿಗುವ ಮೊದಲ ತಿಂಗಳು ಕಳೆದರೆ, ಚಂದಾ ಕಟ್ಟದೆ ಒಳಗೆ ಕಾಲಿಡುವಂತಿಲ್ಲ. ಕೆಲಸದ ಒತ್ತಡ ಬಂದರೆ ಎರಡು ಮೂರು ತಿಂಗಳು ಕಂಪ್ಯೂಟರಿನ ಆ ಮೂಲೆಯನ್ನೇ ಮುಟ್ಟದ ನನ್ನಂಥವನಿಗೆ ಈ ಲೆಕ್ಕ ಕೂಡಿಬರುವುದಿಲ್ಲ. ದಿನವೂ ಎರಡು ಗಂಟೆ ಆಡುವವರಾದರೆ, ಜೊತೆಗೆ ಗೆಳೆಯರೂ ಇದ್ದರೆ, ಖಂಡಿತ ಕೊಳ್ಳಿ. ನನ್ನ ಮೀನುಗಾರ 70ನೇ ಲೆವೆಲ್ ಮುಟ್ಟಿ ಬಹಳ ದಿನವಾಯಿತು. ಇವತ್ತು ರಾತ್ರಿಯೂ ಎರೆಹುಳುವಿನ ಡಬ್ಬಿಯೊಂದಿಗೆ ಅದೇ ಕಟ್ಟೆಯ ಮೇಲಿರುತ್ತಾನೆ.