ಕಯೋಟಿ ಕರೆಯುವ ಯಂತ್ರ: ನಾಲ್ಕು ಚಳಿಗಾಲ ಬಳಸಿದ ಮೇಲೆ

ಇದು ಡಬ್ಬಿ ಬಿಚ್ಚಿದ ಮರುದಿನ ಬರೆದ ವಿಮರ್ಶೆ ಅಲ್ಲ. 2021ರ ಅಕ್ಟೋಬರಿನಲ್ಲಿ ಕೊಂಡ ಎಲೆಕ್ಟ್ರಾನಿಕ್ ಕಾಲರ್ ಇದು, ಅಂದರೆ ಬೇಟೆಗೆ ಪ್ರಾಣಿಯನ್ನು ದನಿ ಹಾಕಿ ಕರೆಯುವ ಯಂತ್ರ. ನಾಲ್ಕು ಚಳಿಗಾಲ ನನ್ನ ಜೊತೆ ಅಮೆರಿಕದ ವಯೋಮಿಂಗಿನ ಬಯಲಲ್ಲಿ ಹಿಮ, ಧೂಳು, ಗಾಳಿ ಎಲ್ಲ ತಿಂದಿದೆ, ಎರಡು ಸಲ ಟ್ರಕ್ಕಿನ ಹಿಂದಿನಿಂದ ಉರುಳಿ ಬಿದ್ದಿದೆ, ಇನ್ನೂ ಕೂಗುತ್ತದೆ. ಕಂಪನಿಯ ಹೆಸರು ಹಾಕುತ್ತಿಲ್ಲ. ಗೆಳೆಯರ ಬಳಿ ಇರುವ ಬೇರೆ ಎರಡು ಯಂತ್ರಗಳನ್ನೂ ಬಳಸಿ ನೋಡಿದ್ದೇನೆ, ಈ ಬೆಲೆಯವು ಎಲ್ಲ ಅಣ್ಣತಮ್ಮಂದಿರ ಹಾಗೇ ಇವೆ. ನಾನು ಕೊಟ್ಟದ್ದು 400 ಡಾಲರಿಗೆ ಸ್ವಲ್ಪ ಕಡಿಮೆ.

ಗೊತ್ತಿಲ್ಲದವರಿಗೆ ಎರಡು ಮಾತು. ಕಯೋಟಿ ನಮ್ಮ ಗುಳ್ಳೆನರಿಗಿಂತ ಸ್ವಲ್ಪ ದೊಡ್ಡದು, ತೋಳಕ್ಕಿಂತ ಚಿಕ್ಕದು. ಇಲ್ಲಿನವು ಹೆಚ್ಚಾಗಿ 10ರಿಂದ 16 ಕಿಲೋ ತೂಗುತ್ತವೆ. ಜನವರಿಯ ತುಪ್ಪಳದಲ್ಲಿ ನೋಡಿದರೆ 25 ಕಿಲೋ ಇದೆ ಅನ್ನಿಸುತ್ತದೆ, ಎತ್ತಿದರೆ ಬರೀ ಕೂದಲು. ಇಲ್ಲಿ ಕುರಿ ದನ ಸಾಕುವವರು ಅದನ್ನು 'ಕೈಯೋಟ್' ಅನ್ನುತ್ತಾರೆ, ಕೊನೆಯ 'ಇ' ನುಂಗಿಬಿಡುತ್ತಾರೆ. 'ಕಯೋಟಿ' ಅಂದರೆ ನೀವು ಪೇಟೆಯವರು ಅಂತ ಅವರಿಗೆ ತಕ್ಷಣ ಗೊತ್ತಾಗುತ್ತದೆ. ಇನ್ನು ಯಂತ್ರ ಅಂದರೆ ಒಂದು ಸ್ಪೀಕರ್, ಒಂದು ರಿಮೋಟ್, ಒಳಗೆ ನೂರಾರು ದನಿ. ಸಾಯುತ್ತಿರುವ ಮೊಲ, ಜಿಂಕೆ ಮರಿಯ ಚೀರಾಟ, ಇಲಿಯ ಕಿಚಕಿಚ, ಕಯೋಟಿಯದೇ ಊಳು. ಸ್ಪೀಕರನ್ನು ದೂರ ಇಟ್ಟು ನಾವು ಅಡಗಿ ಕೂತು ರಿಮೋಟ್ ಒತ್ತುತ್ತೇವೆ. ಪುಕ್ಕಟೆ ಊಟ ಅಂತ ಕಯೋಟಿ ಬರುತ್ತದೆ. ಬಂದರೆ.

ನಾನು ಚಳ್ಳಕೆರೆ ಕಡೆಯವನು. ಅಮೃತಮಹಲ್ ಕಾವಲು ನೋಡಿ ಬೆಳೆದವನಿಗೆ ಬಯಲು ಹೊಸದಲ್ಲ, ಕುರಿ ಹಿಂಡಿಗೆ ತೋಳ ಬಿದ್ದ ಕಥೆಗಳೂ ಹೊಸವಲ್ಲ. ವಯೋಮಿಂಗಿನ ಶೈಯೆನ್ ಊರಿಗೆ ಕೆಲಸಕ್ಕೆ ಬಂದ ಮೇಲೆ ಸಹೋದ್ಯೋಗಿಯೊಬ್ಬರ ಮಾವನ ಪರಿಚಯ ಆಯಿತು. ಅವರಿಗೆ ಊರಿಂದ ಒಂದು ಗಂಟೆ ದೂರದಲ್ಲಿ ಕುರಿಗಳಿವೆ. ಮರಿ ಹಾಕುವ ಕಾಲದಲ್ಲಿ ಕಯೋಟಿ ಕಾಟ ಅಂತ ಅವರು ಹೇಳಿದ್ದೇ ಶುರು.

ಯಂತ್ರ ಬಂದ ರಾತ್ರಿ ಮನೆಯಲ್ಲೇ ಮೊಲದ ದನಿ ಹಾಕಿ ನೋಡಿದೆ. ಪಕ್ಕದ ಮನೆಯವರು ಬಾಗಿಲು ತಟ್ಟಿ ಮಗು ಯಾಕೆ ಹಾಗೆ ಅಳುತ್ತಿದೆ ಅಂತ ಕೇಳಿದರು. ನಮ್ಮ ಮನೆಯಲ್ಲಿ ಮಗುವೇ ಇಲ್ಲ! ಅಷ್ಟರ ಮಟ್ಟಿಗೆ ದನಿಯ ಗುಣಮಟ್ಟಕ್ಕೆ ಪೂರ್ತಿ ಅಂಕ.

ಮೊದಲ ಚಳಿಗಾಲದ ಕಥೆ ಮಾತ್ರ ಹೇಳೋ ಹಾಗಿಲ್ಲ. ಮೂವತ್ತಕ್ಕೂ ಜಾಸ್ತಿ ಸಲ ಹೋಗಿ ಕೂತೆ, ಎರಡೇ ಎರಡು ಕಯೋಟಿ ಕಂಡವು, ಎರಡೂ 400 ಗಜ ದೂರದಲ್ಲಿ ನಿಂತು, ನನ್ನ ಕಡೆ ನೋಡಿ, ಬಾಲ ತಿರುಗಿಸಿ ಹೋದವು. ಯಂತ್ರ ಕೆಟ್ಟದ್ದು ಅಂತ ವಾಪಸ್ ಕಳಿಸಲು ಡಬ್ಬಿ ಕೂಡ ಹುಡುಕಿದ್ದೆ. ಕೆಟ್ಟಿದ್ದು ನನ್ನ ತಲೆ. ಗಾಳಿಯ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಯಂತ್ರದ ಜೊತೆ ಬರುವ ಪುಸ್ತಿಕೆಯಲ್ಲಿ ಬ್ಯಾಟರಿ ಹಾಕುವುದು ಹೇಗೆ ಅಂತ ನಾಲ್ಕು ಪುಟ ಇದೆ, ಗಾಳಿಯ ಬಗ್ಗೆ ಒಂದು ಸಾಲಿಲ್ಲ. ಕಯೋಟಿ ಕಿವಿಯಿಂದ ಬರುತ್ತದೆ, ಆದರೆ ಮೂಗಿನಿಂದ ನಂಬುತ್ತದೆ. ದನಿ ಕೇಳಿದ ಮೇಲೆ ನೇರ ಓಡಿ ಬರುವುದು ಎಳೆಯವು ಮಾತ್ರ. ಅನುಭವ ಇರುವ ಕಯೋಟಿ ದೊಡ್ಡ ಸುತ್ತು ಹಾಕಿ, ಗಾಳಿ ಆ ದನಿಯ ಮೇಲೆ ಹಾದು ತನ್ನ ಮೂಗಿಗೆ ಬಡಿಯುವ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಅಲ್ಲಿ ಮೊಲದ ವಾಸನೆ ಬದಲು ನನ್ನ ವಾಸನೆ, ಬೆಳಗ್ಗೆ ತಿಂದ ಚಿತ್ರಾನ್ನದ ಒಗ್ಗರಣೆ ವಾಸನೆ ಸಿಕ್ಕರೆ ಕಥೆ ಮುಗಿಯಿತು. ಈಗ ನಾನು ಮಾಡುವುದು ಇಷ್ಟು. ಗಾಳಿ ಎಡದಿಂದ ಬಲಕ್ಕೆ ಬೀಸುವ ಹಾಗೆ ಕೂರುತ್ತೇನೆ. ಸ್ಪೀಕರನ್ನು ಎಡಗಡೆ, ಸ್ವಲ್ಪ ಮುಂದೆ, 50 ಗಜ ದೂರದಲ್ಲಿ ಇಡುತ್ತೇನೆ. ಕಯೋಟಿ ಗಾಳಿ ಹಿಡಿಯಲು ಬಲಕ್ಕೆ ಸುತ್ತುವಾಗ ನನ್ನ ಮುಂದೆ ಹಾದೇ ಹೋಗಬೇಕು, ಅದರ ಕಣ್ಣೂ ಕಿವಿಯೂ ಸ್ಪೀಕರಿನ ಕಡೆ ಇರುತ್ತವೆ, ನಾನು ಅದರ ಲೆಕ್ಕದಲ್ಲೇ ಇರುವುದಿಲ್ಲ. ಈ ಒಂದು ಕೆಲಸಕ್ಕೆ ನಾನು 400 ಡಾಲರ್ ಕೊಟ್ಟದ್ದು. ಬಾಯಲ್ಲಿ ಊದುವ ಪೀಪಿಯಿಂದಲೂ ಮೊಲದ ದನಿ ಬರುತ್ತದೆ, ಆದರೆ ಆ ದನಿ ನನ್ನ ಮುಖದಿಂದ ಬರುತ್ತದೆ, ಕಯೋಟಿ ನೋಡುವುದೂ ನನ್ನ ಮುಖವನ್ನೇ.

ಗಾಳಿ ಬಂದಾಗ ತೂರಿಕೋ ಅನ್ನುತ್ತೇವಲ್ಲ, ಇಲ್ಲಿ ಉಲ್ಟಾ. ಶೈಯೆನ್ ಸುತ್ತ ಗಾಳಿ ಇಲ್ಲದ ದಿನ ಅಂದರೆ ಹಬ್ಬ. ಗಂಟೆಗೆ 30 ಕಿಲೋಮೀಟರಿಗಿಂತ ಜಾಸ್ತಿ ಬೀಸುತ್ತಿದ್ದರೆ ನಾನು ಮನೆಯಿಂದ ಹೊರಡುವುದೇ ಇಲ್ಲ. ದನಿ ಎತ್ತಲೋ ಹಾರಿಹೋಗುತ್ತದೆ, ಗುಂಡೂ ಪಕ್ಕಕ್ಕೆ ತಳ್ಳಿಸಿಕೊಳ್ಳುತ್ತದೆ. ನನ್ನದು .223 ರೈಫಲ್, ಹಗುರ ಗುಂಡು. ಹಾಗೆ ಗಾಳಿ ಬೀಸುವ ದಿನ ದೂರದ ಗುರಿ ಹಿಡಿದರೆ ಪ್ರಾಣಿಯನ್ನು ಗಾಯ ಮಾಡಿ ಕಳಿಸಿದ ಪಾಪ ಅಷ್ಟೇ.

ಈಗ ದನಿಗಳ ವಿಷಯ. ಪೆಟ್ಟಿಗೆ ಮೇಲೆ ದೊಡ್ಡದಾಗಿ ಎಷ್ಟು ದನಿ ಅಂತ ಬರೆದಿರುತ್ತಾರೆ, ಅದಕ್ಕೆ ಮರುಳಾಗಬೇಡಿ. ನಾಲ್ಕು ವರ್ಷದಲ್ಲಿ ನಾನು ಬಳಸಿದ್ದು ಐದು. ಅಕ್ಟೋಬರ್, ನವೆಂಬರಿನಲ್ಲಿ ಆ ವರ್ಷದ ಮರಿಗಳು ತಾಯಿಯನ್ನು ಬಿಟ್ಟು ಸ್ವಂತ ಜಾಗ ಹುಡುಕುತ್ತಾ ಅಲೆಯುತ್ತವೆ. ಆಗ ಯಾವ ಮೊಲದ ದನಿ ಹಾಕಿದರೂ ಸೈ. ಡಿಸೆಂಬರ್ ಹೊತ್ತಿಗೆ ಬುದ್ಧಿ ಬಂದಿರುತ್ತದೆ. ಎಲ್ಲರ ಯಂತ್ರದಲ್ಲೂ ಅದೇ ಮೊಲ, ಅದೇ ರಾಗ, ವಾರಾಂತ್ಯ ಬಂದರೆ ಸಾಕು ಬಯಲ ತುಂಬ ಸಾಯುವ ಮೊಲಗಳೇ. ಆಗ ಇಲಿಯ ದನಿ ಅಥವಾ ಹಕ್ಕಿಯ ದನಿ ಸಣ್ಣಗೆ ಹಾಕಿದರೆ ವಾಸಿ. ಜನವರಿ ಕೊನೆಯಿಂದ ಫೆಬ್ರವರಿ ಪೂರ್ತಿ ಬೆದೆಯ ಕಾಲ, ಊಟಕ್ಕಿಂತ ಜಾಗದ ಜಗಳ ದೊಡ್ಡದು. ಒಂದೇ ಒಂದು ಊಳು ಹಾಕಿ ಸುಮ್ನೆ ಐದು ನಿಮಿಷ ಕೂತರೆ, ಇಷ್ಟು ದಿನ ಮೊಲಕ್ಕೆ ಕ್ಯಾರೇ ಅನ್ನದ ಗಂಡು ಬಾಲ ಎತ್ತಿಕೊಂಡು ಬರುತ್ತದೆ. ಇನ್ನೊಂದು, ಪೆಟ್ಟು ತಿಂದ ಮರಿಯ ಕುಯ್ಯೋ ಕುಯ್ಯೋ ದನಿ. ಅದು ವರ್ಷವಿಡೀ ಕೆಲಸ ಮಾಡುತ್ತದೆ. ಗುಂಡು ಹಾರಿಸಿದ ತಕ್ಷಣ ಹಾಕಿದರೆ ಓಡುತ್ತಿರುವ ಜೊತೆಗಾರ ಕೆಲವು ಸಲ ನಿಂತು ತಿರುಗುತ್ತದೆ. ಸತ್ಯ ಹೇಳಬೇಕೆಂದರೆ ಆ ದನಿ ಒತ್ತುವಾಗ ನನಗೆ ಮನಸ್ಸಿಗೆ ಅಷ್ಟು ಸರಿ ಅನ್ನಿಸುವುದಿಲ್ಲ, ಆದರೂ ಒತ್ತುತ್ತೇನೆ.

ವಾಲ್ಯೂಮ್! ನರಿ ಕೂಗು ಗಿರಿಗೆ ಮುಟ್ಟೀತೇ ಅಂತ ಗಾದೆ ಮಾಡಿದವರು ಈ ಬಯಲನ್ನು ನೋಡಿರಲಿಲ್ಲ. ಗಾಳಿ ನಿಂತ ಬೆಳಗ್ಗೆ, ನೆಲದ ಮೇಲೆ ಹಿಮ ಇದ್ದಾಗ, ಈ ಸ್ಪೀಕರಿನ ದನಿ ಒಂದೂವರೆ ಕಿಲೋಮೀಟರಿಗೂ ಆಚೆ ಹೋಗುತ್ತದೆ. ಮೊದಮೊದಲು ನಾನು ಬಟನ್ ಒತ್ತಿದ ಕೂಡಲೇ ಪೂರ್ತಿ ಏರಿಸುತ್ತಿದ್ದೆ. ಬಯಲು ನೋಡಲು ಚಪಾತಿ ಹಾಗೆ ಕಾಣುತ್ತದೆ, ಅಲ್ಲ. ತುಂಬ ಹಳ್ಳಗಳಿವೆ, ತಗ್ಗುಗಳಿವೆ. 100 ಗಜದ ತಗ್ಗಿನಲ್ಲಿ ಮಲಗಿದ್ದ ಕಯೋಟಿಯ ಕಿವಿಯಲ್ಲಿ ಆನೆ ಗಾತ್ರದ ಮೊಲ ಕಿರುಚಿದರೆ ಅದು ಬರುತ್ತಾ? ಎದ್ದು ಓಡಿತು. ಈಗ ಮೊದಲ ಮೂರು ನಿಮಿಷ ಪಿಸುಮಾತಿನ ಹಾಗೆ, ಆಮೇಲೆ ನಿಧಾನ ಏರಿಸುವುದು. ಪೂರ್ತಿ ಏರಿಸಿದರೆ ಸ್ಪೀಕರ್ ಒಡೆದ ತಮಟೆ ತರ ಆಗುತ್ತದೆ, ಇದು ಯಂತ್ರದ ನಿಜವಾದ ದೋಷ. ಮುಕ್ಕಾಲಕ್ಕಿಂತ ಮೇಲೆ ಹೋಗಬೇಡಿ. ಒಂದು ಜಾಗದಲ್ಲಿ 20 ನಿಮಿಷ, ಆಮೇಲೆ ಕನಿಷ್ಠ ಎರಡು ಕಿಲೋಮೀಟರ್ ಸರಿದು ಇನ್ನೊಂದು ಜಾಗ.

ದೊಡ್ಡ ದೂರು ರಿಮೋಟಿನದು. ಮೈನಸ್ 15 ಡಿಗ್ರಿ ಆಯಿತು ಅಂದರೆ ಪರದೆ ಮಬ್ಬಾಗುತ್ತದೆ, ಒತ್ತಿದ್ದು ಎರಡು ಸೆಕೆಂಡ್ ಬಿಟ್ಟು ಕಾಣುತ್ತದೆ. ಎರಡನೇ ಚಳಿಗಾಲದಲ್ಲಿ ಒಂದು ಸಲ ಕಯೋಟಿ 80 ಗಜಕ್ಕೆ ಬಂದಿದೆ, ದನಿ ನಿಲ್ಲಿಸಬೇಕು, ನಾನು ಒತ್ತಿದ್ದೇ ಒತ್ತಿದ್ದು, ಯಂತ್ರ ಕೂಗಿದ್ದೇ ಕೂಗಿದ್ದು. ಕೊನೆಗೆ ನಿಂತಿತು, ಆದರೆ ನನ್ನ ಕೈ ಆಡಿದ್ದನ್ನು ಅಷ್ಟರಲ್ಲಿ ಅದು ನೋಡಿಯಾಗಿತ್ತು. ಪೆಟ್ಟಿಗೆ ಮೇಲೆ ಬರೆದ ರಿಮೋಟ್ ದೂರವನ್ನೂ ನಂಬಬೇಡಿ. ನೆಲಕ್ಕೆ ತಾಗಿ ಇಟ್ಟ ಸ್ಪೀಕರ್, ಮಡಿಲಲ್ಲಿ ಇಟ್ಟ ರಿಮೋಟ್, ನಡುವೆ ಸೇಜ್ ಪೊದೆ ಇದ್ದರೆ ಹೇಳಿದ್ದರ ಅರ್ಧ ಸಿಗುವುದೂ ಕಷ್ಟ. ಸ್ಪೀಕರನ್ನು ಪೊದೆಯ ಮೇಲೆ ಸಿಕ್ಕಿಸಿದರೆ ಪರವಾಗಿಲ್ಲ. ಎರಡನೇ ವರ್ಷ ರಿಮೋಟಿನ ಬ್ಯಾಟರಿ ಮುಚ್ಚಳ ಮುರಿಯಿತು, ಬೇರೆ ಮುಚ್ಚಳ ಕೇಳಿ ಬರೆದ ಇಮೇಲಿಗೆ ಆರು ವಾರಕ್ಕೆ ಉತ್ತರ ಬಂತು, ರಿಮೋಟ್ ಹೊಸದು ಕೊಳ್ಳಿ ಅಂತ. ಈಗಲೂ ಅದು ಕಪ್ಪು ಟೇಪಿನಲ್ಲೇ ನಿಂತಿದೆ. ಮಾಮೂಲಿ ಆಲ್ಕಲೈನ್ ಬ್ಯಾಟರಿ ಈ ಚಳಿಗೆ ಬೇಗ ಸುಸ್ತಾಗುತ್ತದೆ, ಲಿಥಿಯಂ ಹಾಕಿ.

ಹಾಗಾಗಿ ಪೀಪಿ ಬಿಡಬೇಡಿ. ಕೊರಳಲ್ಲಿ ಒಂದು 15 ಡಾಲರಿನ ತೆರೆದ ರೀಡಿನ (ಊದಿದಾಗ ಅದುರಿ ದನಿ ಮಾಡುವ ಪಟ್ಟಿ ಹೊರಗೇ ಇರುವ) ಪೀಪಿ ಯಾವಾಗಲೂ ನೇತಾಡುತ್ತಿರುತ್ತದೆ. ಮುಚ್ಚಿದ ರೀಡಿನದು ಊದಲು ಸುಲಭ, ಆದರೆ ಎಂಜಲು ಒಳಗೇ ಹೆಪ್ಪುಗಟ್ಟಿ ದನಿ ಸತ್ತುಹೋಗುತ್ತದೆ. ತೆರೆದದ್ದಾದರೆ ಬೆರಳಲ್ಲಿ ಒರೆಸಿ ಮತ್ತೆ ಊದಬಹುದು.

ಜೊತೆಗೆ ಬಂದ ತಿರುಗುವ ಗೊಂಬೆ, ಕಡ್ಡಿಯ ತುದಿಯಲ್ಲಿ ತುಪ್ಪಳದ ಚೂರು, ಮೊದಲು ತಮಾಷೆ ಅನ್ನಿಸಿತ್ತು. ಬಯಲಲ್ಲಿ ಅದು ಬೇಕು. ದನಿ ಬರುವ ಜಾಗದಲ್ಲಿ ಏನೋ ಅಲ್ಲಾಡಿದರೆ ಕಯೋಟಿ ಅದನ್ನೇ ನೋಡುತ್ತದೆ. ಒಂದು ಗಿಡುಗ ಎರಡು ಸಲ ಅದರ ಮೇಲೆ ಎರಗಿದ್ದೂ ಇದೆ. ಮೋಟಾರು ಮೂರನೇ ವರ್ಷ ಕೈಕೊಟ್ಟಿತು, ಈಗ ಒಂದು ಗರಿಯನ್ನು ದಾರದಲ್ಲಿ ಕಟ್ಟುತ್ತೇನೆ, ತಿರುಗಿಸುವ ಕೆಲಸ ವಯೋಮಿಂಗಿನ ಗಾಳಿಯೇ ಮಾಡುತ್ತದೆ.

ಮರೆ ವಿಷಯದಲ್ಲಿ ಒಂದು ಸ್ವಂತ ಪೆದ್ದುತನ ಹೇಳಲೇಬೇಕು. ಅಮ್ಮ ಕೊಟ್ಟ ಚಳ್ಳಕೆರೆ ಕಂಬಳಿ ಹೊದ್ದು ಹಿಮದ ಮೇಲೆ ಕೂತಿದ್ದೆ. ಬೆಚ್ಚಗೇನೋ ಇತ್ತು. ಬಿಳಿ ನೆಲದ ಮೇಲೆ ಕರಿ ಬಂಡೆ ತರ ಕಾಣುತ್ತಿದ್ದೆ ಅಂತ ಆ ಕುರಿ ಯಜಮಾನರು ಅರ್ಧ ಮೈಲಿ ದೂರದಿಂದ ಫೋನ್ ಮಾಡಿ ನಕ್ಕರು. ಈಗ ಕಂಬಳಿ ಒಳಗೆ, ಮೇಲೆ ಹಳೇ ಬಿಳಿ ಬೆಡ್‌ಶೀಟು.

ಇದಕ್ಕಿಂತ ಗಂಭೀರವಾದದ್ದು ಇನ್ನೊಂದು. ಯಂತ್ರ ಕಯೋಟಿಯನ್ನು ಮಾತ್ರ ಕರೆಯುವುದಿಲ್ಲ. ಮೂರನೇ ಚಳಿಗಾಲದ ಒಂದು ಮುಂಜಾನೆ, ಬೆಳಕು ಸರಿಯಾಗಿ ಹರಿದಿಲ್ಲ, ತಿಳಿ ಬಣ್ಣದ ದೊಡ್ಡ ಪ್ರಾಣಿ ದಾಪುಗಾಲು ಹಾಕಿ ಬಂತು. ಸೇಫ್ಟಿ ತೆಗೆದಿದ್ದೆ. ನಡಿಗೆ ಯಾಕೋ ಭಾರ ಅನ್ನಿಸಿ ತಡೆದೆ. ಪಕ್ಕದ ಜಮೀನಿನ ಕುರಿ ಕಾಯುವ ಗ್ರೇಟ್ ಪಿರನೀಸ್ ನಾಯಿ! ಕೈ ಅರ್ಧ ಗಂಟೆ ನಡುಗುತ್ತಿತ್ತು. ಈ ಬಯಲಿನಲ್ಲಿ ಸ್ವಿಫ್ಟ್ ಫಾಕ್ಸ್ ಅಂತ ಪುಟ್ಟ ನರಿಯೂ ಇದೆ, ಅದಕ್ಕೆ ರಕ್ಷಣೆ ಇದೆ, ಮೊಲದ ದನಿಗೆ ಅದೂ ಬರುತ್ತದೆ. ಬೆಕ್ಕಿನ ಗಾತ್ರ, ಬಾಲದ ತುದಿ ಕಪ್ಪು. ಪೂರ್ತಿ ಖಾತ್ರಿ ಆಗುವವರೆಗೆ ಬೆರಳು ಟ್ರಿಗರ್ ಮೇಲೆ ಹೋಗಬಾರದು.

ಕೇಳುವವರು ಇರುತ್ತಾರೆ ಅಂತ ಕಾನೂನೂ ಹೇಳುತ್ತೇನೆ. ವಯೋಮಿಂಗಿನಲ್ಲಿ ಕಯೋಟಿ 'ಪ್ರೆಡೇಟರಿ ಅನಿಮಲ್' ಪಟ್ಟಿಯಲ್ಲಿದೆ, ವರ್ಷವಿಡೀ ಬೇಟೆ ಆಡಬಹುದು, ಲೈಸೆನ್ಸ್ ಬೇಡ. ಖಾಸಗಿ ಜಮೀನಾದರೆ ಮಾಲೀಕರ ಅನುಮತಿ ಬೇಕು. ಆದರೆ ಎಚ್-1ಬಿ ವೀಸಾದಲ್ಲಿ ಇರುವ ನಮ್ಮವರು ಹುಷಾರು. ಆ ವೀಸಾದವರು ಬಂದೂಕು, ಗುಂಡು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ತಡೆಯುತ್ತದೆ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ. ಅಂದರೆ ಕಯೋಟಿಗೆ ಲೈಸೆನ್ಸ್ ಬೇಡ, ನಿಮಗೆ ಬೇಕು. ನಾನು ಗ್ರೀನ್ ಕಾರ್ಡ್ ಬರುವವರೆಗೆ ಕಾದೆ. ಈ ಯಂತ್ರ ಊರಿಗೆ ತಂದು ಗುಳ್ಳೆನರಿ ಕರೆಯುತ್ತೇನೆ ಅಂತ ಯಾರಿಗಾದರೂ ತಲೆಯಲ್ಲಿ ಬಂದರೆ ಅಲ್ಲೇ ಬಿಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಜೈಲು ಗ್ಯಾರಂಟಿ.

ತುಪ್ಪಳ ಮಾರಿ ಯಂತ್ರದ ದುಡ್ಡು ವಾಪಸ್ ಬರುತ್ತದೆ ಅಂತ ಹಳಬರು ಹೇಳಿದ್ದರು. ನಾನು ಕೊಂಡ ವರ್ಷವೇ ಕೆನಡಾ ಗೂಸ್ ಕಂಪನಿ ತನ್ನ ಜಾಕೆಟ್ಟುಗಳಿಗೆ ತುಪ್ಪಳ ಬಳಸುವುದನ್ನು ನಿಲ್ಲಿಸುತ್ತೇನೆ ಅಂತ ಘೋಷಿಸಿತು, ಆಗ ಅವರ ಜಾಕೆಟ್ ಟೋಪಿಯ ಅಂಚು ಕಯೋಟಿಯದೇ ಆಗಿತ್ತು. ದುಡ್ಡಿನ ಆಸೆ ಬಿಡಿ. ಸುಲಿಯುವುದಿದ್ದರೆ ಗ್ಲೌಸ್ ಹಾಕಿ, ಚಿಗಟ ಇರುತ್ತದೆ, ಲಾಡಿಹುಳು ಇರುತ್ತದೆ.

ಇದರಿಂದ ಕಯೋಟಿ ಕಡಿಮೆ ಆಗುತ್ತದಾ ಅಂತ ಹೆಂಡತಿ ಕೇಳಿದ್ದಳು. ಇಲ್ಲ. 1975ರಲ್ಲಿ ಕ್ಯಾಲಿಫೋರ್ನಿಯಾದ ಕಾನಲಿ ಮತ್ತು ಲಾಂಗ್‌ಹರ್ಸ್ಟ್ ಎಂಬುವರು ಲೆಕ್ಕ ಹಾಕಿ ನೋಡಿದ್ದರು, ಪ್ರತಿ ವರ್ಷ ನೂರಕ್ಕೆ 75ನ್ನು ತೆಗೆದರೂ ಮುಗಿಸಲು ಸುಮಾರು 50 ವರ್ಷ ಬೇಕು. ಉಳಿದವು ಜಾಸ್ತಿ ಮರಿ ಹಾಕುತ್ತವೆ. ನಾನು ವರ್ಷಕ್ಕೆ ಐದಾರು ಹೊಡೆದರೆ ಬಯಲಿಗೆ ಏನೂ ಆಗುವುದಿಲ್ಲ. ಒಂದು ಹಿಂಡಿಗೆ ಬಾಯಿ ಹಾಕಿ ಅಭ್ಯಾಸವಾದ ಒಂದು ಜೋಡಿ ಹೋದರೆ ಆ ವಸಂತದಲ್ಲಿ ಆ ಮನೆಯವರಿಗೆ ನಾಲ್ಕು ಮರಿ ಉಳಿಯಬಹುದು, ಅಷ್ಟೇ.

ಐದಕ್ಕೆ ಮೂರೂವರೆ ಕೊಡುತ್ತೇನೆ. ರಿಮೋಟ್ ಸರಿ ಇದ್ದಿದ್ದರೆ ನಾಲ್ಕೂವರೆ. ಹೊಸ ಮಾದರಿ ಬಂದಿದೆ, ಫೋನಿನಿಂದ ನಡೆಸಬಹುದಂತೆ, ಮೈನಸ್ 15ರಲ್ಲಿ ಗ್ಲೌಸ್ ಬಿಚ್ಚಿ ಫೋನ್ ಉಜ್ಜುವವರು ಕೊಳ್ಳಲಿ. ಮಾರ್ಚಿನಿಂದ ನಾನು ಹೋಗುವುದಿಲ್ಲ. ಏಪ್ರಿಲ್, ಮೇನಲ್ಲಿ ಗವಿಯಲ್ಲಿ ಮರಿ ಇರುತ್ತವೆ, ನನಗೆ ಮನಸ್ಸು ಬರುವುದಿಲ್ಲ. ಕುರಿಯವರಿಗೆ ಬೇಕಾಗುವುದು ಸರಿಯಾಗಿ ಆಗಲೇ, ಹಾಗಾಗಿ ಆ ಎರಡು ತಿಂಗಳು ಯಂತ್ರ ಅವರ ಮನೆಯಲ್ಲಿ ಇರುತ್ತದೆ. ಜೂನಿನಲ್ಲಿ ವಾಪಸ್ ಬರುವಾಗ ಬ್ಯಾಟರಿ ಪೂರ್ತಿ ಖಾಲಿ, ವಾಲ್ಯೂಮ್ ಪೂರ್ತಿ ಏರಿಸಿಟ್ಟಿರುತ್ತಾರೆ.