ಎಂಟು ಪೋರ್ಟಿನ ಪಿಒಇ ಸ್ವಿಚ್: ನೋಡಬೇಕಾದ್ದು ಪೋರ್ಟಲ್ಲ, ಒಟ್ಟು ವ್ಯಾಟ್

ಕತ್ತಲಾದ ಮೇಲೆ ಮೇಲಿನ ಮಹಡಿಯ ವೈಫೈ ಹೋಗುತ್ತೆ, ಬೆಳಗ್ಗೆ ನೋಡಿದರೆ ಎಲ್ಲ ಸರಿಯಾಗಿರುತ್ತೆ. ನೆಟ್‌ವರ್ಕ್ ಕೇಬಲ್ಲಿನಲ್ಲೇ ಪವರ್ ಕೂಡ ಕಳಿಸುವ (ಅದೇ ಪಿಒಇ) ಈ ಸ್ವಿಚ್ ಮೇಲಿನ ದೊಡ್ಡ ತಕರಾರು ಇದೇ. ಪ್ರತಿ ಪೋರ್ಟಿಗೆ 30 ವ್ಯಾಟ್ ಅಂತ ಡಬ್ಬದ ಮೇಲೆ ದಪ್ಪಕ್ಷರದಲ್ಲಿದೆ. ಎಲ್ಲ ಪೋರ್ಟಿಗೂ ಸೇರಿ 65 ವ್ಯಾಟ್ ಅನ್ನೋದು ಮಾತ್ರ ಮೂಲೆಯಲ್ಲಿ ಸಣ್ಣಕ್ಷರದಲ್ಲಿ!

ಲೆಕ್ಕ ಹಾಕಿ. ನಾಲ್ಕು ವೈಫೈ 6 ಎಪಿ (ವೈಫೈ ಹರಡುವ ಆಕ್ಸೆಸ್ ಪಾಯಿಂಟ್), ಎರಡು ಕ್ಯಾಮೆರಾ. ಹಗಲಲ್ಲಿ ಎಪಿ ತಲಾ 9 ವ್ಯಾಟ್, ಕ್ಯಾಮೆರಾ ತಲಾ 3, ಒಟ್ಟು 42. ಸಂಜೆ ಜನ ಮನೆ ಸೇರಿದಾಗ ಎಪಿ 14ಕ್ಕೇರುತ್ತೆ, ಕತ್ತಲಾದಾಗ ಇರುಳಲ್ಲಿ ನೋಡಲು ಕ್ಯಾಮೆರಾದ ಐಆರ್ ದೀಪ ಹತ್ತಿ ಕ್ಯಾಮೆರಾ ತಲಾ 6 ಎಳೆಯುತ್ತೆ. ಈಗ ಒಟ್ಟು 68, ಅಂದರೆ 65ರ ಮಿತಿ ದಾಟಿತು. ಎಲ್ಲ ಪೋರ್ಟಿನ ಪ್ರಯಾರಿಟಿ ಒಂದೇ ಇದ್ದರೆ ಸ್ವಿಚ್ ಕೊನೇ ನಂಬರಿನ ಪೋರ್ಟನ್ನು ಕಡಿದುಹಾಕುತ್ತೆ. ಆದ್ದರಿಂದ ಎಪಿಗಳಿಗೆ ಹೈ, ಕ್ಯಾಮೆರಾಗಳಿಗೆ ಲೋ ಪ್ರಯಾರಿಟಿ ಕೊಡಿ. ಆದರೆ ಆಗ ರಾತ್ರಿ ಹೋಗೋದು ಕ್ಯಾಮೆರಾ, ಹಾಗಾಗಿ ಒಂದು ಎಪಿಯನ್ನು 30 ವ್ಯಾಟಿನ 802.3ಎಟಿ (ಒಂದು ಪಿಒಇ ಮಾನದಂಡ) ಇಂಜೆಕ್ಟರಿಗೆ, ಅಂದರೆ ಒಂದೇ ಕೇಬಲ್ಲಿಗೆ ಪವರ್ ತುಂಬುವ ಪುಟ್ಟ ಡಬ್ಬಿಗೆ, ಹಾಕೋದೇ ಸರಿಯಾದ ಪರಿಹಾರ. ಅಗ್ಗಕ್ಕೆ ಸಿಗುವ 24 ವೋಲ್ಟಿನ ಪ್ಯಾಸಿವ್ ಇಂಜೆಕ್ಟರ್ ಇದಕ್ಕೆ ಆಗಲ್ಲ.

ಎಷ್ಟು ಪವರ್ ಬೇಕು ಅಂತ ಎಪಿ ಸ್ವಿಚ್ಚಿಗೆ ತಿಳಿಸುವ ಎಲ್‌ಎಲ್‌ಡಿಪಿ ಆನ್ ಇರಲಿ. ಸಾಕಷ್ಟು ಪವರ್ ಸಿಗದ ಎಷ್ಟೋ ಎಪಿಗಳು ಪೂರ್ತಿ ಆಫ್ ಆಗಲ್ಲ, ಒಂದು ರೇಡಿಯೋ ನಿಲ್ಲಿಸಿ ಇಲ್ಲವೇ ಸಿಗ್ನಲ್ ತಗ್ಗಿಸಿ ಅರೆಜೀವದಲ್ಲಿ ಓಡುತ್ತವೆ. ಹಳೇ ಮಾನದಂಡದ 802.3ಎಎಫ್ ಪೋರ್ಟ್ ಕೊಡೋದು 15.4 ವ್ಯಾಟ್, ಕೇಬಲ್ಲಿನ ಆ ತುದಿಯಲ್ಲಿ ಖಾತ್ರಿಯಾಗಿ ಸಿಗೋದು 12.95 ಮಾತ್ರ. ಎಟಿಯಲ್ಲಿ 30 ಕೊಟ್ಟರೆ 25.5.

ಒಟ್ಟು ವ್ಯಾಟಿನ ಬಜೆಟ್ ಉಳಿದಿದ್ದೂ ಒಂದೇ ಎಪಿ ಪದೇ ಪದೇ ರೀಬೂಟ್ ಆದರೆ ಕೇಬಲ್ ನೋಡಿ. ಎಪಿಯನ್ನು ಇಳಿಸಿ ಸ್ವಿಚ್ ಪಕ್ಕದಲ್ಲೇ ಒಂದು ಮೀಟರಿನ ಪ್ಯಾಚ್ ಕೇಬಲ್ಲಿನಲ್ಲಿ ಹಾಕಿ, ಲೋಡ್ ಕೊಟ್ಟು ಓಡಿಸಿ. ಅಲ್ಲಿ ರೀಬೂಟ್ ಆಗದೆ ಓಡಿದರೆ ತಪ್ಪು ತಂತಿಯದ್ದು. ಎಳೆಯೊಂದನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅದರ ರೋಧ ತಾಮ್ರಕ್ಕಿಂತ ಒಂದೂವರೆ ಪಟ್ಟು, ದೂರದ ಎಪಿಗೆ ವೋಲ್ಟೇಜ್ ಸಾಲದೇ ಹೋಗುತ್ತೆ. ಕೇಬಲ್ ಬದಲಿಸದೆ ಬೇರೆ ದಾರಿಯಿಲ್ಲ. ಗಿಗಾಬಿಟ್ ಲಿಂಕ್ 100 ಎಂಬಿಪಿಎಸ್‌ಗೆ ಇಳಿದಿದ್ದರೆ ಮೊದಲು ಕೇಬಲ್ಲಿನ ಆರ್‌ಜೆ45 ಕನೆಕ್ಟರ್ ಎರಡೂ ತುದಿ ಹೊಸದಾಗಿ ಕ್ರಿಂಪ್ ಮಾಡಿ.

ಇಷ್ಟೆಲ್ಲ ಹೇಳಿದರೂ ಇದನ್ನು ಬದಲಿಸುವ ಮನಸ್ಸಿಲ್ಲ. ಕಾರಣ ಅದರ ಪಿಒಇ ಪುಟ. ಪೋರ್ಟ್‌ವಾರು ವ್ಯಾಟ್, ವೋಲ್ಟ್, ಮಿಲಿಆಂಪ್ ಎಲ್ಲ ಅಲ್ಲೇ ಸಿಗುತ್ತೆ. ಬೆಳಗಿನ ಕಾಫಿ ಜೊತೆ ಒಮ್ಮೆ, ದೀಪ ಹಚ್ಚುವ ಹೊತ್ತಿಗೆ ಇನ್ನೊಮ್ಮೆ ಕಣ್ಣಾಡಿಸಿದರೆ ಸಾಕು, ಯಾವ ಎಪಿ ಹದ ತಪ್ಪುತ್ತಿದೆ ಅಂತ ತಿಳಿಯುತ್ತೆ. ಸಿಕ್ಕಿಹಾಕಿಕೊಂಡ ಎಪಿಗೆ ಏಣಿ ಹತ್ತೋದು ಬೇಡ, ಫೋನಿನಿಂದಲೇ ಪೋರ್ಟ್ ಆಫ್ ಮಾಡಿ ಆನ್ ಮಾಡಬಹುದು. ಸ್ವಿಚ್‌ಗೂ ರೂಟರ್‌ಗೂ ಸೇರಿ 600 ವಿಎ ಯುಪಿಎಸ್ ಒಂದಿದ್ದರೆ ಸಣ್ಣಪುಟ್ಟ ಕರೆಂಟ್ ಕಟ್‌ನಲ್ಲಿ ಮೂರೂ ಮಹಡಿಯ ವೈಫೈ ಮಿಸುಕಾಡಲ್ಲ.

ನಾಲ್ಕು ಎಪಿ ಮಾತ್ರ ಇರುವವರು ಧೈರ್ಯವಾಗಿ ತಗೊಳ್ಳಿ. ಕ್ಯಾಮೆರಾಗಳೂ ಇದರಲ್ಲೇ ಬರೋದಾದರೆ 120 ವ್ಯಾಟಿಗೆ ಕಡಿಮೆ ಇರೋದನ್ನು ಮುಟ್ಟಬೇಡಿ.