ಗುಂಪಿನ ಪ್ರಾಜೆಕ್ಟಿಗೆ ಅಂಕ ಹಾಕೋದು ಹೇಗೆ? ನಾನು ನೋಡಿದ ಮೂರು ದಾರಿ

ವಿಜಯಪುರದ ನಮ್ಮ ಯುವಕ ಸಂಘದಲ್ಲಿ ಹುಡುಗ ಹುಡುಗಿಯರಿಗೆ ಹಳೇ ಬಾವಡಿಗಳ, ಅಂದ್ರೆ ಮೆಟ್ಟಿಲಿರೋ ದೊಡ್ಡ ಬಾವಿಗಳ ಮೇಲೆ ಪ್ರಾಜೆಕ್ಟ್ ಕೊಡುತ್ತೇನೆ. ಐದಾರು ಜನರ ಗುಂಪಿಗೆ ಒಂದು ಬಾವಡಿ. ಕೆಲಸ ಮಾಡಿಸೋದು ಸುಲಭ, ಅಂಕ ಹಾಕೋದೇ ತಲೆನೋವು.

ಮೊದಲನೇ ದಾರಿ ಎಲ್ಲರಿಗೂ ಗೊತ್ತಿರೋದೇ. ಚಾರ್ಟ್ ನೋಡು, ಭಾಷಣ ಕೇಳು, ಇಡೀ ಗುಂಪಿಗೆ ಒಂದೇ ಅಂಕ ಹಾಕು. ಬೇಗ ಮುಗಿಯುತ್ತದೆ. ಆದರೆ ಚಾಂದ್ ಬಾವಡಿ ಕಟ್ಟಿದ್ದು 1579, ತಾಜ್ ಬಾವಡಿ 1620 ಅಂತ ಬರೆಯೋಕೆ ಮೊಬೈಲ್ ಸಾಕು, ಬಾವಡಿ ಕಡೆ ಹೋಗಲೇಬೇಕು ಅಂತಿಲ್ಲ. ಮಾತುಗಾರ ಒಬ್ಬನಿದ್ದರೆ ಗುಂಪೆಲ್ಲ ಪಾಸ್.

ಎರಡನೇದು ಚೀಟಿ. ಗುಂಪಿನವರೇ ಒಬ್ಬರಿಗೊಬ್ಬರು ಗುಟ್ಟಾಗಿ ಅಂಕ ಕೊಡೋದು. ಗೆಳೆಯರಿಗೆ ಹತ್ತಕ್ಕೆ ಹತ್ತು, ಲೇಟಾಗಿ ಬಂದವರನ್ನು ಬೈದ ಹುಡುಗಿಗೆ ಮೂರು! ಆಮೇಲೆ ಅಂಕದ ಪಕ್ಕ ಕಾರಣ ಬರೆಯಲೇಬೇಕು ಅಂತ ಮಾಡಿದೆ. ಆಗ ಅದೇ ಹುಡುಗಿ ಬಗ್ಗೆ ಒಂದು ಚೀಟಿಯಲ್ಲಿ "ಟೇಪ್ ಹಿಡ್ದು ಅಳತಿ ತಗೊಂಡಾಕಿ ಆಕಿನ, ನಾವು ಫೋಟೋ ತಗೊಂಡ್ವಿ" ಅಂತ ಬಂತು.

ನನಗೆ ಹಿಡಿಸಿದ್ದು ಮೂರನೇದು. ಗುಂಪನ್ನು ಬಾವಡಿ ಹತ್ತಿರವೇ ಕರೆದುಕೊಂಡು ಹೋಗಿ, ಯಾರನ್ನಾದರೂ ಎಬ್ಬಿಸಿ ಕೇಳೋದು. ತಾಜ್ ಬಾವಡಿಯ ಕಮಾನಿಗೆ ಬೆನ್ನು ಮಾಡಿ ನಿಲ್ಲಿಸಿ, ಎರಡೂ ಬದಿಯ ಬುರುಜಿಗೆ ಎಷ್ಟು ಮೂಲೆ ಅಂತ ಕೇಳಿದೆ. ಭಾಷಣ ಮಾಡಿದವನು ನಾಲ್ಕು ಅಂದ. ವೇದಿಕೆ ಮೇಲೆ ಬಾಯೇ ಬಿಡದಿದ್ದ ಹುಡುಗ ಎಂಟು ಅಂದ. ನೀರಿನ ಆಳ ಹೇಗೆ ನೋಡಿದ್ರಿ ಅಂದ್ರೆ, "ಹಗ್ಗಕ್ಕ ಕಲ್ಲು ಕಟ್ಟಿ ಬಿಟ್ವಿರಿ ಸರ, ತೊಯ್ದಷ್ಟು ಹಗ್ಗ ಮಾರು ಹಾಕಿ ಎಣಿಸಿದ್ವಿ" ಅಂತ ಎರಡೂ ಕೈ ಚಾಚಿ ತೋರಿಸಿದ. ಇದು ಯಾವ ಚಾರ್ಟಿನಲ್ಲಿ ಬರುತ್ತೆ ಹೇಳಿ?

ಇದಕ್ಕೆ ಹೊತ್ತು ಜಾಸ್ತಿ ಬೇಕು, ನಮ್ಮ ಬಿಸಿಲು ಬೇರೆ. ಅಂಜುವ ಮಕ್ಕಳು ಸುಮ್ನೆ ನಿಂತುಬಿಡುತ್ತಾರೆ. ಅದಕ್ಕೆ ಇಸವಿ ಕೇಳಬೇಡಿ, "ನೀನು ಏನು ಮಾಡಿದಿ" ಅಂತ ಕೇಳಿ, ಕನ್ನಡದಲ್ಲೋ ನಮ್ಮ ಕಡೆಯ ಉರ್ದು ದಖನಿಯಲ್ಲೋ ಅವರಿಗೆ ಬಂದಂಗೆ ಹೇಳಲಿ.

ಈಗ ನೂರರಲ್ಲಿ 50 ಸ್ಥಳದ ಪ್ರಶ್ನೆಗೆ, 30 ಚೀಟಿಗೆ, 20 ಚಾರ್ಟಿಗೆ. ಕಾರಣ ಬರೆಯದ ಚೀಟಿ ಲೆಕ್ಕಕ್ಕಿಲ್ಲ. ತೀರಾ ಸಣ್ಣ ಮಕ್ಕಳಿಗೆ ಮಾತ್ರ ಚೀಟಿ ಕೊಡಲೇಬೇಡಿ, ಮನೆ ಮುಟ್ಟೋದರೊಳಗೆ ಜಗಳ ಶುರುವಾಗಿರುತ್ತದೆ.